ಹಿಡಿತಕ್ಕೆ ಸಿಗದ್ದು



ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಹೋದವರಿಗೆ ಉದ್ದನೆಯ ಇಂಗ್ಲಿಷ್ ಪದ ಕಂಡರೆ ಅಂಜಿಕೆ. ಅಂಥದ್ದೊಂದು 'ಇಂಪರ್ಸೆಪ್ಟಿಬಲ್'. ಸಂಧಿ ಬಿಡಿಸುವಂತೆ ಇದನ್ನೂ ಬಿಡಿಸೋಣ. ಲ್ಯಾಟಿನ್ ಭಾಷೆಯ 'ಕಪೆರೆ' ಎಂದರೆ ಹಿಡಿಯುವುದು, 'ಪೆರ್' ಎಂದರೆ ಪೂರ್ತಿಯಾಗಿ. ಎರಡೂ ಸೇರಿ 'ಪೆರ್ಕಿಪೆರೆ' ಆಯಿತು. ಕೈಯಲ್ಲಿ ಹಿಡಿಯುವುದು ಮನಸ್ಸಿನಲ್ಲಿ ಹಿಡಿಯುವುದೂ ಆಯಿತು. ಮೊದಲಿನ 'ಇಂ' ಇಲ್ಲವೆನ್ನುತ್ತದೆ, ಕೊನೆಯ 'ಇಬಲ್' ಸಾಧ್ಯವೆನ್ನುತ್ತದೆ. ಒಟ್ಟು ಅರ್ಥ, ಹಿಡಿತಕ್ಕೆ ಸಿಗದ್ದು. ನಮ್ಮ 'ಗ್ರಹಿಸು' ಕೂಡ ಹಿಡಿ ಎಂಬರ್ಥದ ಸಂಸ್ಕೃತ ಧಾತುವಿನಿಂದಲೇ ಬಂದದ್ದು. ಪಾಣಿಗ್ರಹಣದಲ್ಲಿರುವುದೂ ಅದೇ.

ಸಿಗದ್ದು ಎಂದರೆ ಇಲ್ಲದ್ದು ಎಂದಲ್ಲ. ಮೊಬೈಲಿನ ಬಟನ್ ಒತ್ತಿದ 0.1 ಸೆಕೆಂಡಿನೊಳಗೆ ಪರದೆ ಬದಲಾದರೆ ತಡವಾದದ್ದು ತಿಳಿಯುವುದಿಲ್ಲ ಎಂಬುದು ನಮ್ಮ ವೃತ್ತಿಯ ಅಂದಾಜು. ಆದರೂ ತಡ ಇದ್ದೇ ಇರುತ್ತದೆ. ಮಕ್ಕಳ ಕಲಿಕೆಯೂ ದಿನದಿನಕ್ಕೆ ಕಾಣುವಂಥದ್ದಲ್ಲ. ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೆ: ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂತೆಂದು, ಹೆಣ್ಣುಮಗುವೇ ಇರಲಿ, ಗಂಡುಮಗುವೇ ಇರಲಿ, ಓದು ಬಿಡಿಸಬೇಡಿ. ಕಲಿತದ್ದು ಒಳಗಿದೆ; ಅಂಕಪಟ್ಟಿಯ ಹಿಡಿತಕ್ಕೆ ಇನ್ನೂ ಸಿಕ್ಕಿಲ್ಲ, ಅಷ್ಟೆ.