ಹೀರುವುದಲ್ಲ, ತಳ್ಳುವುದು

ಎಳನೀರಿಗೆ ಸ್ಟ್ರಾ ಹಾಕಿ ಹೀರುತ್ತೀರಲ್ಲ, ಆ ನೀರನ್ನು ಬಾಯಿಗೆ ಏರಿಸುವವರು ಯಾರು? ನೀವಲ್ಲ. ಸ್ಟ್ರಾದೊಳಗಿನ ಗಾಳಿಯನ್ನು ಕಡಿಮೆ ಮಾಡುವುದಷ್ಟೇ ನಿಮ್ಮ ಕೆಲಸ. ಬುರುಡೆಯೊಳಗಿನ ನೀರನ್ನು ಒತ್ತಿ ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ! ಪಂಡಿತರು ಶತಮಾನಗಟ್ಟಲೆ ಪ್ರಕೃತಿಗೆ ಶೂನ್ಯವೆಂದರೆ ಆಗದು, ಅದಕ್ಕೇ ನೀರು ನುಗ್ಗಿ ಬರುತ್ತದೆ ಎಂದುಕೊಂಡಿದ್ದರು.

1638ರಲ್ಲಿ ಅಚ್ಚಾದ ಗೆಲಿಲಿಯೋನ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ನಾನದನ್ನು ಎಷ್ಟು ಸಲ ಓದಿದ್ದೇನೋ! ತೊಟ್ಟಿಯ ನೀರು ತಳಕ್ಕಿಳಿದಾಗ ಪಂಪು ನೀರೆತ್ತುವುದಿಲ್ಲ. ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸುತ್ತಾರೆ. ಅವನು ನೋಡಿ, ಪಂಪು ಸರಿಯಾಗೇ ಇದೆ ಸ್ವಾಮಿ, ನೀರೇ ಬಹಳ ಕೆಳಗಿಳಿದಿದೆ. ಇಷ್ಟು ಎತ್ತರ ದಾಟಿದರೆ ದೊಡ್ಡದಿರಲಿ, ಚಿಕ್ಕದಿರಲಿ, ಯಾವ ಪಂಪೂ ಎತ್ತದು ಎನ್ನುತ್ತಾನೆ. ನಮ್ಮ ಲೆಕ್ಕದಲ್ಲಿ ಆ ಮಿತಿ ಸುಮಾರು 34 ಅಡಿ. ಅವನ ಹೆಸರು ಪುಸ್ತಕದಲ್ಲಿಲ್ಲ.

ತೂಗುಬಿಟ್ಟ ಹಗ್ಗ ತನ್ನ ಭಾರಕ್ಕೇ ತುಂಡಾಗುವ ಹಾಗೆ ನೀರಿನ ಕಂಬವೂ ತುಂಡಾಗುತ್ತದೆ ಎಂದು ಗೆಲಿಲಿಯೋ ಅರ್ಥ ಹೇಳಿದ. ನನಗೆ ಸಂಕಟವಾಗುವುದು ಇಲ್ಲೇ. ಗಾಳಿಗೆ ತೂಕವಿದೆ, ಅದನ್ನು ತೂಗುವುದು ಹೀಗೆ ಎಂದು ಅದೇ ಪುಸ್ತಕದಲ್ಲಿ ಬರೆದವನೂ ಅವನೇ. ಎರಡನ್ನೂ ಜೋಡಿಸಲಿಲ್ಲವಲ್ಲ! 1642ರ ಜನವರಿಯಲ್ಲಿ ತೀರಿಕೊಂಡ.

ಕೊನೆಯ ಮೂರು ತಿಂಗಳು ಆ ಕುರುಡು ಮುದುಕನ ಜೊತೆಗಿದ್ದ ಟೊರಿಚೆಲ್ಲಿ ಜೋಡಿಸಿದ. ನೀರಿಗಿಂತ 13.6 ಪಟ್ಟು ಭಾರದ ಪಾದರಸವಾದರೆ ಕಂಬ ಗಿಡ್ಡದಾಗುತ್ತದೆ. ಕೊಳವೆಯ ತುಂಬ ಪಾದರಸ, ಬಾಯಿಗೆ ಬೆರಳು, ಬಟ್ಟಲಿನ ಪಾದರಸದಲ್ಲಿ ಬೋರಲು: ಪಾದರಸ ಸರ್ರನೆ ಇಳಿದು 76 ಸೆಂಟಿಮೀಟರಿಗೆ ನಿಂತಿತು. ಗಾಳಿಯೆಂಬ ಕಡಲಿನ ತಳದಲ್ಲಿ ಬದುಕಿದ್ದೇವೆ ಎಂದು 1644ರಲ್ಲಿ ಗೆಳೆಯನಿಗೆ ಬರೆದ. ಮೂರು ವರ್ಷಕ್ಕೆ ಅವನೂ ಹೋದ, ಇನ್ನೂ 39. ಮುಂದಿನ ವರ್ಷ ಫ್ರಾನ್ಸಿನಲ್ಲಿ ವಿಜ್ಞಾನಿ ಪಾಸ್ಕಲನ ಭಾವ ಅಂಥದ್ದೇ ಕೊಳವೆಯನ್ನು ಬೆಟ್ಟಕ್ಕೆ ಹೊತ್ತೊಯ್ದ. ಗಾಳಿ ತೆಳುವಾದ ಮೇಲ್ಗಡೆ ಪಾದರಸ ಕುಸಿಯಿತು.

ಬೇಸಿಗೆಯಲ್ಲಿ ನೀರು ಇಳಿದ ಹಾಗೆಲ್ಲ ನಮ್ಮಪ್ಪ ಮೋಟರನ್ನೂ ಬಾವಿಯೊಳಗೆ ಇಳಿಸುತ್ತಿದ್ದರು. ಲೆಕ್ಕದ 34 ಅಡಿ ನಿಜದ ಪಂಪಿಗೆ ಎಟುಕುವುದಿಲ್ಲ; ಇಪ್ಪತ್ತೈದು ಅಡಿ ದಾಟಿದರೆ ಎಳೆಯಲ್ಲ ಕಣೋ ಎನ್ನುತ್ತಿದ್ದರು. ಟೊರಿಚೆಲ್ಲಿಯ ಹೆಸರನ್ನು ಅವರು ಕೇಳಿದವರಲ್ಲ. ಈಗ ಕೋಲಾರದ ಕಡೆ ಸಾವಿರ ಅಡಿ ಬೋರ್‌ವೆಲ್ಲಿನಿಂದಲೂ ನೀರು ಬರುತ್ತದೆ, ಯಾಕೆಂದರೆ ಆ ಪಂಪು ಮೇಲೆ ಕೂತು ಹೀರುವುದಿಲ್ಲ, ನೀರಿನೊಳಗೇ ಮುಳುಗಿ ಕೂತು ಮೇಲಕ್ಕೆ ತಳ್ಳುತ್ತದೆ.