ಸೋಫಾದ ಹೊಟ್ಟ್ಯಾಗ ಏನೈತಿ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಸೋಫಾ. ನಗಬ್ಯಾಡ್ರಿ. ಮೊಬೈಲ್ ತಗೊಳ್ಳೋವಾಗ ಪ್ರೊಸೆಸರ್ ಯಾವುದು, ಬ್ಯಾಟರಿ ಎಷ್ಟು, ಕ್ಯಾಮೆರಾ ಹೆಂಗೈತಿ ಅಂತ ಹತ್ತು ವಿಡಿಯೋ ನೋಡ್ತೀವಿ. ಅದಕ್ಕಿಂತ ಹೆಚ್ಚು ರೊಕ್ಕ ಕೊಟ್ಟು ಸೋಫಾ ತರೋವಾಗ ಮಾತ್ರ ಬಣ್ಣ ನೋಡಿ, ಒಂದ್ಸಲ ಕೂತು, "ಛಲೋ ಐತಿ, ಪ್ಯಾಕ್ ಮಾಡ್ರಿ" ಅಂತೀವಿ. ನಾವೂ ಹಂಗ ಮಾಡಿದ್ವಿ.

ನಮ್ಮದು ಬನಹಟ್ಟಿ. ಅಪ್ಪ ಮೂವತ್ತು ವರ್ಷದಿಂದ ಮಗ್ಗದ ಕೆಲಸ ಮಾಡಿದವರು. ಮೂರು ವರ್ಷದ ಹಿಂದೆ ತಂಗಿಗೆ ಸಂಬಂಧ ಗೊತ್ತಾಯಿತು. "ಬೀಗರು ಬರ್ತಾರ, ನೆಲದ ಮ್ಯಾಲ ಜಮಖಾನಿ ಹಾಸಿ ಕುಂದ್ರಸೂದು ಹೆಂಗೋ?" ಅಂತ ಅವ್ವ ಗಂಟು ಬಿದ್ದಳು. ಸರಿ, ಮೂವರೂ ಅಂಗಡಿಗೆ ಹೋದೆವು. ಅಪ್ಪ ಒಂದು ಸೋಫಾದ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರು, ಕುಶನ್ನಿನ ಹಿಂದಿನ ಮಗ್ಗುಲು ತಿರುಗಿಸಿ ನೋಡಿದರು. "ನೇಯ್ಗಿ ಗಟ್ಟಿ ಐತಿ, ಲಗೂನ ಹರಿಯೂದಿಲ್ಲ" ಅಂದರು. ನಮ್ಮ ಪರೀಕ್ಷೆ ಅಷ್ಟಕ್ಕೇ ಮುಗಿಯಿತು. ಬೆಲೆ 26 ಸಾವಿರ. ಎಂಟು ಸಾವಿರ ಕೈಯಲ್ಲಿ ಕೊಟ್ಟು, ಉಳಿದದ್ದು ತಿಂಗಳಿಗೆ 1,500ರಂತೆ 12 ಕಂತು.

ಆರನೇ ಕಂತು ಕಟ್ಟುವ ಹೊತ್ತಿಗೆ ನಡುವಿನ ಸೀಟು ಕುಸಿದಿತ್ತು. ಅಪ್ಪನಿಗೆ ಮೊದಲೇ ಮೊಣಕಾಲು ನೋವು. ಕೂತರೆ ಒಳಗೆ ಇಳಿದುಬಿಡುತ್ತಿದ್ದರು, ಏಳಲಿಕ್ಕೆ ಆಗುತ್ತಿರಲಿಲ್ಲ. ಒಂದು ದಿನ ಬೀಗರು ಬಂದಾಗ, ಅವರ ಎದುರಿಗೇ ನನ್ನ ಕಡೆ ಕೈ ಚಾಚಿ "ಎಬ್ಬಸೋ ತಮ್ಮಾ" ಅಂದರು. ಯಾರೂ ಏನೂ ಅನ್ನಲಿಲ್ಲ. ಮರುದಿನದಿಂದ ಅಪ್ಪ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡಲು ಶುರು ಮಾಡಿದರು. ತಾವು ಕೂಡದ ಸೋಫಾಕ್ಕೆ ಇನ್ನೂ ಆರು ಕಂತು ಕಟ್ಟಿದರು.

ಬಟ್ಟೆ ಮಾತ್ರ ಇವತ್ತಿಗೂ ಹೊಸದರಂಗ ಐತಿ. ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಅವರಿಗೆ ಬಟ್ಟೆ ಗೊತ್ತಿತ್ತು, ಬಟ್ಟೆಯ ಕೆಳಗೆ ಏನೈತಿ ಅಂತ ನಾವ್ಯಾರೂ ಕೇಳಲೇ ಇಲ್ಲ.

ಆಮೇಲೆ ಜಮಖಂಡಿಯ ಒಬ್ಬ ಸೋಫಾ ಮಿಸ್ತ್ರಿ ಹತ್ತಿರ ಒಯ್ದೆವು. ಅವರು ಸೋಫಾ ಬೋರಲು ಹಾಕಿ, ತಳದ ಕರಿ ಬಟ್ಟೆ ಹರಿದು, "ನೋಡ್ರಿ ನಿಮ್ಮ 26 ಸಾವಿರ" ಅಂತ ತೋರಿಸಿದರು. ಒಳಗೆ ಪ್ಯಾಕಿಂಗ್ ಪೆಟ್ಟಿಗೆಯ ಕಟ್ಟಿಗೆ. ಮೂಲೆಗಳಲ್ಲಿ ಒಂದು ಸ್ಕ್ರೂ ಇಲ್ಲ, ಬರೀ ಸ್ಟೇಪಲ್ ಪಿನ್ನು. ಸೀಟಿನ ಕೆಳಗೆ ಅಲ್ಲೊಂದು ಇಲ್ಲೊಂದು ಎಲಾಸ್ಟಿಕ್ ಬೆಲ್ಟು, ಅದರಲ್ಲಿ ಎರಡು ಜೋತು ಬಿದ್ದಿದ್ದವು.

ನಿಮ್ಮ ಅಜ್ಜನ ಮನಿಯಾಗ ಹೊರಸು ನೋಡಿರಬೇಕಲ್ಲ? ನವಾರ ಹೆಣೆದದ್ದು? ಸೋಫಾ ಅಂದರೆ ಅದೇ ರೀ. ಹೊರಸಿನ ಚೌಕಟ್ಟು ಇಲ್ಲಿ ಫ್ರೇಮ್, ನವಾರದ ಜಾಗದಲ್ಲಿ ಬೆಲ್ಟು ಇಲ್ಲವೇ ಸ್ಪ್ರಿಂಗು, ಮೇಲಿನ ಗಾದಿ ಅಂದರೆ ಫೋಮು. ವ್ಯತ್ಯಾಸ ಒಂದೇ. ಹೊರಸು ಸಡಿಲಾದರೆ ಕಣ್ಣಿಗೆ ಕಾಣುತ್ತಿತ್ತು, ಸಂಜೆ ಕೂತು ನವಾರ ಬಿಗಿ ಮಾಡುತ್ತಿದ್ದರು. ಗಾದಿ ಗಂಟು ಕಟ್ಟಿದರೆ ಪಿಂಜಾರರು ಬಂದು ಹತ್ತಿ ಹಿಂಜಿ ಕೊಡುತ್ತಿದ್ದರು. ಸೋಫಾದಲ್ಲಿ ಎಲ್ಲವನ್ನೂ ಬಟ್ಟೆಯೊಳಗೆ ಹೊಲಿದು ಪಿನ್ನು ಹೊಡೆದಿರುತ್ತಾರೆ. ಅದಕ್ಕೇ ಅಂಗಡಿಯಲ್ಲೇ ನೋಡಬೇಕು.

ಏನು ನೋಡಬೇಕು? ಮೊದಲು ಸೋಫಾದ ಮುಂದಿನ ಒಂದು ಮೂಲೆ ಹಿಡಿದು ಅರ್ಧ ಅಡಿ ಎತ್ತ್ರಿ. ಗಟ್ಟಿ ಫ್ರೇಮ್ ಇದ್ದರೆ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟು ಏಳಬೇಕು. ಅದು ನೆಲಕ್ಕೇ ಅಂಟಿಕೊಂಡಿದೆ, ಸೋಫಾ ತಿರುಚಿಕೊಳ್ಳುತ್ತಿದೆ ಅಂದರೆ ಫ್ರೇಮಿನಲ್ಲಿ ದಮ್ಮಿಲ್ಲ. ಕೀರ್ ಅಂತ ಸಪ್ಪಳ ಬಂದರೂ ಮುಂದಿನ ಸೋಫಾ ನೋಡ್ರಿ. ಆಮೇಲೆ ಕಟ್ಟಿಗೆ ಯಾವುದು ಅಂತ ಕೇಳ್ರಿ. ಸಾಗವಾನಿ ಆದರೆ ಬಹಳ ಛಲೋ, ರೊಕ್ಕ ಜಾಸ್ತಿ. ಊರ ಬಡಿಗೇರ ಹತ್ತಿರ ಮಾಡಿಸಿದರೆ ಚೆನ್ನಾಗಿ ಒಣಗಿದ ಬೇವು, ಜಾಲಿಯೂ ಗಟ್ಟಿಯೇ. "ಒಣಗಿದ" ಅನ್ನೋದೇ ಮುಖ್ಯ. ಹಸಿ ಕಟ್ಟಿಗೆ ನಮ್ಮ ಬೇಸಿಗೆಗೆ ಸೊಟ್ಟಗಾಗಿ ಕೀಲು ಬಿಡುತ್ತದೆ. ಮೂಲೆಯ ಒಳಗೆ ತ್ರಿಕೋನದ ಆಸರೆ ಕಟ್ಟಿಗೆ ಇಟ್ಟು ಸ್ಕ್ರೂ ಹಾಕಿದ್ದಾರಾ ಅಂತಲೂ ನೋಡಬೇಕು. ತಳದ ಬಟ್ಟೆಯನ್ನು ಒಂದು ಕಡೆ ಬಿಚ್ಚಿ ತೋರಿಸಿ ಅಂದರೆ ಕೆಲವರು ಮುಖ ಗಂಟು ಹಾಕ್ತಾರ. ಹಾಕಲಿ ಬಿಡ್ರಿ, ರೊಕ್ಕ ನಮ್ಮದು.

ಈಗ ಫೋಮು. ಅಂಗಡಿಯವರು "ಕಾಕಾ, ಇದು 40 ಡೆನ್ಸಿಟಿ" ಅಂತಾರ, ಅಪ್ಪಂದಿರು ತಲೆ ಆಡಿಸ್ತಾರ. ಡೆನ್ಸಿಟಿ ಅಂದರೆ ಗಡಸುತನ ಅಲ್ಲ, ತೂಕ. ಒಂದು ಘನ ಮೀಟರ್ ಫೋಮು 40 ಕೆಜಿ ತೂಗಿದರೆ ಅದು 40 ಡೆನ್ಸಿಟಿ. ಕಡಿಮೆ ತೂಕದ ಫೋಮನ್ನೂ ಗಡಸಾಗಿ ಮಾಡಬಹುದು. ಮೊದಲ ದಿನ ಕೂತರೆ ಗಟ್ಟಿ ಅನ್ನಿಸುತ್ತದೆ, ಕೆಲವು ತಿಂಗಳಿಗೆ ಚಪ್ಪಟೆ. ನಮ್ಮ ಮನೆಯಲ್ಲಿ ಆದದ್ದರಲ್ಲಿ ಅರ್ಧ ಇದೇ. ದಿನಾ ಕೂಡುವ ಸೀಟಿಗೆ 32ಕ್ಕಿಂತ ಕಡಿಮೆ ಬ್ಯಾಡ, 40 ಇದ್ದರೆ ಒಳ್ಳೇದು. ಬೆನ್ನಿನ ಕಡೆಗೆ ಅದಕ್ಕಿಂತ ಹಗುರವಾದದ್ದು ನಡೀತೈತಿ.

ಅವರು ಹೇಳಿದ್ದು ಖರೇನಾ ಅಂತ ಹೆಂಗ ತಿಳಿಯೋದು? ತೂಗೋದು! ಸೀಟಿನ ಕುಶನ್ನು ಬೇರೆ ಬರುವಂಥದ್ದಾದರೆ ಜಿಪ್ ತೆಗೆದು ಫೋಮು ಹೊರಗೆ ತೆಗೀರಿ. 22 ಇಂಚು ಉದ್ದ, 22 ಇಂಚು ಅಗಲ, 5 ಇಂಚು ದಪ್ಪದ ಫೋಮು 32 ಡೆನ್ಸಿಟಿ ಇದ್ದರೆ ಸುಮಾರು ಒಂದೂಕಾಲು ಕೆಜಿ ತೂಗಬೇಕು, 40 ಇದ್ದರೆ ಸುಮಾರು 1.6 ಕೆಜಿ. ಮುಕ್ಕಾಲು ಕೆಜಿಗೆ ನಿಂತಿತು ಅಂದರೆ ನಿಮಗೆ ಸುಳ್ಳು ಹೇಳಿದ್ದಾರೆ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ನಾಚಿಕೆ ಯಾಕ್ರೀ, ಬದನೆಕಾಯಿ ತೂಗಿಸಿ ತಗೊಳ್ಳಲ್ಲೇನು? ಒಂದೇ ಎಚ್ಚರಿಕೆ. ಬಣ್ಣಬಣ್ಣದ ಚೂರು ಒತ್ತಿ ಅಂಟಿಸಿದಂಗ ಕಂಡರೆ ಅದು ರೀಬಾಂಡೆಡ್ ಫೋಮು. ಅದು ಬಹಳ ಭಾರ, ಬಹಳ ಗಡಸು. ಅದಕ್ಕೆ ಈ ಲೆಕ್ಕ ಹೊಂದಲ್ಲ.

ಕೂತು ನೋಡೋದೂ ಒಂದು ಪರೀಕ್ಷೆನೇ, ಆದರೆ ನಾವು ತಪ್ಪು ಮಂದಿಯನ್ನು ಕೂಡಿಸ್ತೀವಿ. ಇಪ್ಪತ್ತೆರಡು ವರ್ಷದ ಹುಡುಗ ಯಾವ ಸೋಫಾದಿಂದಾದರೂ ಜಿಗಿದು ಏಳ್ತಾನ. ಮನೆಯಲ್ಲಿ ಮೊಣಕಾಲು ನೋವಿರುವ ಹಿರಿಯರನ್ನೇ ಕರಕೊಂಡು ಹೋಗ್ರಿ, ಹತ್ತು-ಹದಿನೈದು ನಿಮಿಷ ಕೂಡಿಸ್ರಿ. ಯಾರ ಕೈಯೂ ಹಿಡಿಯದೆ ಏಳಬೇಕು. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸೊಂಟಕ್ಕಿಂತ ಮೇಲೆ ಹೋಗಬಾರದು. ನೆಲದಿಂದ ಸೀಟಿಗೆ 17ರಿಂದ 19 ಇಂಚು ಎತ್ತರ ಇದ್ದರೆ ವಯಸ್ಸಾದವರಿಗೆ ಅನುಕೂಲ. ಫೋಟೋದಲ್ಲಿ ಚೆಂದ ಕಾಣುವ ತಗ್ಗು, ಅಗಲ ಸೋಫಾ ಅಜ್ಜಿಗೆ ಶಿಕ್ಷೆ. ಹಾಂ, ನಮ್ಮ ಮಂದಿ ಸೋಫಾದ ಮ್ಯಾಲೂ ಚಕ್ಕಳಬಕ್ಕಳ ಹಾಕ್ಕೊಂಡು ಕೂಡ್ತಾರ. ಹಂಗೂ ಕೂತು ನೋಡ್ರಿ.

ರೆಕ್ಸಿನ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ಒರೆಸೋದು ಸಲೀಸು, ನಿಜ. ಆದರೆ ಏಪ್ರಿಲ್-ಮೇ ತಿಂಗಳು, ಕರೆಂಟ್ ಹೋದ ಮಧ್ಯಾಹ್ನ ಅದರ ಮೇಲೆ ಕೂತು ಎದ್ದು ನೋಡ್ರಿ, ಅಂಗಿ ಬೆನ್ನಿಗೆ ಅಂಟಿರುತ್ತದೆ. ಅಗ್ಗದ ಲೆದರೆಟ್ ಆದರೆ ಬೆವರು, ತಲೆಯ ಎಣ್ಣೆ ತಾಗಿ ತಾಗಿ ಪದರು ಪದರಾಗಿ ಸುಲಿಯುತ್ತದೆ, ಅದನ್ನು ರಿಪೇರಿ ಮಾಡಲಿಕ್ಕೆ ಬರಲ್ಲ. ನೇಯ್ದ ಬಟ್ಟೆ, ಜಿಪ್ ಇರೋ ಕವರ್, ತೆಗೆದು ಒಗೆಯಬಹುದು. ಧೂಳಿನ ಊರಿಗೆ ಅದೇ ಛಲೋ.

ನದಿ ದಂಡೆಯ ಊರಿನವರಿಗೆ ಒಂದು ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಜಮಖಂಡಿ, ಮುಧೋಳ ಕಡೆ ಎಷ್ಟೋ ಮನೆಗಳಿಗೆ ನೀರು ಹೊಕ್ಕಿದ್ದು ನೆನಪೈತಲ್ಲ? ಪಾರ್ಟಿಕಲ್ ಬೋರ್ಡ್ ಅಂದರೆ ಕಟ್ಟಿಗೆಯ ಪುಡಿ ಅಂಟು ಹಾಕಿ ಒತ್ತಿದ್ದು. ಒಮ್ಮೆ ನೀರು ಕುಡಿದರೆ ಉಬ್ಬುತ್ತದೆ, ಮತ್ತೆ ಮೊದಲಿನಂತೆ ಆಗಲ್ಲ. ಗಟ್ಟಿ ಕಟ್ಟಿಗೆ ಇಲ್ಲವೇ ಕಬ್ಬಿಣದ ಫ್ರೇಮ್ ಆದರೆ ತೊಳೆದು, ಒಣಗಿಸಿ, ಫೋಮು ಬದಲಿಸಿ ಉಳಿಸಿಕೊಳ್ಳಬಹುದು. ಕಾಲುಗಳು ನಾಲ್ಕೈದು ಇಂಚು ಎತ್ತರ ಇದ್ದರೆ ಕೆಳಗೆ ಕಸ ಹೊಡೆಯಲಿಕ್ಕೂ ಬರುತ್ತದೆ, ಒರಲಿ ಹತ್ತಿದ್ದೂ ಬೇಗ ಕಾಣುತ್ತದೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದ ಮನೆಯವರಿಗೆ ಸಾಮಾನು ಸಾಗಿಸುವ ಕಷ್ಟ ನಾನು ಹೇಳಬೇಕಿಲ್ಲ. ಕಾಲು, ಕೈ ಬಿಚ್ಚಿ ಜೋಡಿಸಲು ಬರುವ ಸೋಫಾ ಇದ್ದರೆ ಒಳ್ಳೇದು. ಕೊಳ್ಳುವ ಮುಂಚೆ ತಲಬಾಗಿಲು ಅಳೀರಿ. ಹಳೇ ಮನೆಯ ಬಾಗಿಲು ಗಿಡ್ಡ, ಓಣಿ ಇಕ್ಕಟ್ಟು. ಟೇಪು ಅಂಗಡಿಗೂ ಒಯ್ಯಿರಿ.

ಕೊನೇದು, ಬಿಲ್ಲು. ನಾವು ಚೀಟಿ ಮೇಲೆ ಬರೆಸಿಕೊಂಡು ಬಂದೆವು, ಅದರಲ್ಲಿ "ಸೋಫಾ 1" ಅಂತಷ್ಟೇ ಇತ್ತು. ಕೆಟ್ಟಿತು ಅಂತ ಹೋದರೆ "ನೀವು ಹೆಂಗ ಬಳಸೀರೋ ನಮಗೇನು ಗೊತ್ತು" ಅಂದರು. ನಮ್ಮ ಹತ್ತಿರ ತೋರಿಸಲು ಏನೂ ಇರಲಿಲ್ಲ. ನೀವು ಜಿಎಸ್‌ಟಿ ಬಿಲ್ ತಗೊಳ್ರಿ. ಅದರ ಮೇಲೆ ಕಟ್ಟಿಗೆ ಯಾವುದು, ಫೋಮು ಎಷ್ಟು ಡೆನ್ಸಿಟಿ, ಗ್ಯಾರಂಟಿ ಫ್ರೇಮಿಗೋ ಫೋಮಿಗೋ, ಎಷ್ಟು ವರ್ಷ, ಎಲ್ಲಾ ಬರೆಸ್ರಿ. ಆಮೇಲೆ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ.

ನಮ್ಮ ಸೋಫಾ ಏನಾಯ್ತು ಅಂತೀರಾ? ಮಿಸ್ತ್ರಿ ಮೂಲೆಗಳಿಗೆ ಬೇವಿನ ಆಸರೆ ಕೊಟ್ಟು ಸ್ಕ್ರೂ ಬಿಗಿದರು, ಬೆಲ್ಟು ಒತ್ತೊತ್ತಾಗಿ ಹೊಸದಾಗಿ ಎಳೆದರು, ನಾವೇ ತೂಗಿಸಿ ತಂದ ಫೋಮು ಹಾಕಿದರು, ಕಾಲು ಎರಡು ಇಂಚು ಎತ್ತರಿಸಿದರು. ಆರೂವರೆ ಸಾವಿರ ಖರ್ಚು. "ಬಟ್ಟಿನೂ ಬದಲಿ ಮಾಡ್ಲೇನ್ರಿ?" ಅಂತ ಕೇಳಿದರು. ಅಪ್ಪ ಕೂತರು, ಎದ್ದರು, ಮತ್ತೆ ಕೂತರು. ನನ್ನ ಕಡೆ ಕೈ ಚಾಚಲಿಲ್ಲ. "ಬಟ್ಟಿ ಅದ ಇರಲಿ ಬಿಡಪಾ" ಅಂದರು, "ಅದು ಛಲೋನ ಐತಿ."