ಪಿಥ್ರೆಡ್ ಹಿಂದಿನ ಆ ಒಂದು ‘ಎಲ್’

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಕೂತು ಕೋಡ್ ಬರೆಯೋ ಕನ್ನಡದ ಗೆಳೆಯ ಗೆಳತಿಯರಿಗೆ, ಬೇರೆ ಊರುಗಳಿಂದ ನೋಡ್ತಿರೋರಿಗೆ ಸ್ವಾಗತ.

ಇವತ್ತಿನ ವಿಷಯ ಒಂದಕ್ಷರದ್ದು. ಥ್ರೆಡ್ ಬಳಸುವ ಪ್ರೋಗ್ರಾಂ ಬಿಲ್ಡ್ ಮಾಡುವಾಗ ಮೇಕ್‌ಫೈಲ್‌ನಲ್ಲಿ ಕೆಲವರು ‘-ಪಿಥ್ರೆಡ್’ ಅಂತ ಬರೀತಾರೆ, ಕೆಲವರು ‘-ಎಲ್‌ಪಿಥ್ರೆಡ್’ ಅಂತ. ಎರಡರಲ್ಲೂ ಬಿಲ್ಡ್ ಆಗುತ್ತೆ. ಈಗಿನ ಲಿನಕ್ಸ್‌ನಲ್ಲಂತೂ ಎರಡೂ ಇಲ್ಲದೆಯೂ ಆಗುತ್ತೆ. ಹಂಗಾದ್ರೆ ಇದರ ಬಗ್ಗೆ ಮಾತಾಡೋದಕ್ಕೆ ಏನಿದೆ?

ಇದೆ. ‘-ಎಲ್’ ಅಂದ್ರೆ ಲಿಂಕರ್‌ಗೆ ಒಂದು ಲೈಬ್ರರಿಯ ಹೆಸರು ಹೇಳೋದು, ಅಷ್ಟೇ. ‘-ಪಿಥ್ರೆಡ್’ ಅಂದ್ರೆ ‘ನನ್ನ ಪ್ರೋಗ್ರಾಂಗೆ ಥ್ರೆಡ್ ಬೇಕು, ಅದಕ್ಕೆ ಏನೇನು ಬೇಕೋ ನೀನೇ ನೋಡ್ಕೋ’ ಅಂತ ಕಂಪೈಲರ್‌ಗೆ ಒಪ್ಪಿಸೋದು. ಟ್ರಾವೆಲ್ಸ್‌ನವರ ಹತ್ರ ‘ಹುಬ್ಬಳ್ಳಿಗೆ ಹೋಗ್ಬೇಕು’ ಅನ್ನೋದಕ್ಕೂ ‘ಇದೇ ನಂಬರಿನ ಬಸ್ಸೇ ಬೇಕು’ ಅನ್ನೋದಕ್ಕೂ ಇರುವ ವ್ಯತ್ಯಾಸ ಇದು. ಆ ಬಸ್ಸು ಓಡ್ತಿರೋವರೆಗೆ ಎರಡೂ ಒಂದೇ. ಬಸ್ಸು ನಿಂತ ದಿನ ಗೊತ್ತಾಗುತ್ತೆ.

ಬಸ್ಸು ನಿಂತ ಕಥೆ ಫ್ರೀಬಿಎಸ್‌ಡಿಯದು. ಅದರ 4ನೇ ಸರಣಿಯಲ್ಲಿ ಥ್ರೆಡ್‌ಗಳಿಗೆ ಇದ್ದದ್ದು ‘ಲಿಬ್‌ಸಿ-ಆರ್’. ಥ್ರೆಡ್‌ಗಳೆಲ್ಲ ಒಂದೇ ಪ್ರೊಸೆಸ್ ಒಳಗೆ ಸರದಿ ಮೇಲೆ ಓಡ್ತಿದ್ದವು. ಕರ್ನಲ್‌ಗೆ ಅವು ಇವೆ ಅನ್ನೋದೇ ತಿಳೀತಿರಲಿಲ್ಲ. ನಾಲ್ಕು ಒಲೆ, ಒಬ್ಬನೇ ಅಡುಗೆಭಟ್ಟ ಇದ್ದಂಗೆ. ಎಷ್ಟು ಸಿಪಿಯು ಇದ್ದರೂ ಕೆಲಸ ಮಾಡೋದು ಒಂದರಲ್ಲೇ. ಡಿಸ್ಕ್‌ನಿಂದ ಓದೋಕೆ ಒಂದು ಥ್ರೆಡ್ ಕಾಯ್ತಾ ಕೂತರೆ ಉಳಿದವೂ ಕಾಯಬೇಕು.

ಇನ್ನೊಂದು ತೊಡಕೂ ಇತ್ತು. ಲಿಬ್‌ಸಿ-ಆರ್ ಬರಬೇಕಾದದ್ದು ಮಾಮೂಲಿ ಲಿಬ್‌ಸಿಯ ಜಾಗಕ್ಕೆ, ಅದರ ಪಕ್ಕಕ್ಕಲ್ಲ. ‘-ಪಿಥ್ರೆಡ್’ ಆ ಅದಲು ಬದಲನ್ನು ತಾನೇ ಮಾಡ್ತಿತ್ತು. ಹೆಸರು ಹಿಡಿದು ‘-ಎಲ್‌ಸಿ-ಆರ್’ ಅಂತ ಬರೆದರೆ ಎರಡೂ ಒಂದೇ ಪ್ರೋಗ್ರಾಂ ಒಳಗೆ ಸೇರಿಕೊಳ್ತಿದ್ದವು.

ಮುಂದೆ 2004ರ 5.3ರಲ್ಲಿ ‘ಲಿಬ್‌ಕೆಎಸ್‌ಇ’ ಡೀಫಾಲ್ಟ್ ಆಯ್ತು: ಹಲವು ಥ್ರೆಡ್‌ಗಳನ್ನು ಹಲವು ಕರ್ನಲ್ ಘಟಕಗಳ ಮೇಲೆ ಹಂಚುವ ವಿನ್ಯಾಸ. ಕಾಗದದ ಮೇಲೆ ಚೆಂದ, ನಡೆಸೋಕೆ ಜಟಿಲ. 2008ರ 7.0ರಲ್ಲಿ ಅದನ್ನು ಬದಿಗಿಟ್ಟು ‘ಲಿಬ್‌ಥರ್’ ತಂದರು. ಒಂದು ಥ್ರೆಡ್‌ಗೆ ಒಂದು ಕರ್ನಲ್ ಥ್ರೆಡ್, ಸೀದಾ ಲೆಕ್ಕ.

ಹತ್ತು ವರ್ಷದೊಳಗೆ ಮೂರು ಲೈಬ್ರರಿ. ಲೈಬ್ರರಿ ಹೆಸರನ್ನೇ ಬರೆದಿಟ್ಟಿದ್ದವರು ಒಂದೊಂದು ಮೇಕ್‌ಫೈಲನ್ನೂ ತಿದ್ದಬೇಕು. ಒಂದನ್ನು ಬಿಟ್ಟುಬಿಟ್ಟರೆ? ನಿಮ್ಮ ಪ್ರೋಗ್ರಾಂ ಒಂದು ಥ್ರೆಡ್ ಲೈಬ್ರರಿ, ಅದು ಬಳಸುವ ಇನ್ನೊಂದು ಲೈಬ್ರರಿ ಮತ್ತೊಂದನ್ನು ಎಳೆದು ತರುತ್ತೆ. ಒಂದೇ ಪ್ರೊಸೆಸ್‌ನಲ್ಲಿ ಎರಡು ಥ್ರೆಡ್ ಲೈಬ್ರರಿ ಇದ್ದರೆ ಒಂದರ ಲಾಕ್ ಇನ್ನೊಂದಕ್ಕೆ ಅರ್ಥವಾಗಲ್ಲ, ಕ್ರ್ಯಾಶ್ ಆಗುತ್ತೆ. ಅದಕ್ಕೇ ಪೋರ್ಟ್ಸ್ ಸಂಗ್ರಹದವರು ‘ಪಿಥ್ರೆಡ್-ಲಿಬ್ಸ್’ ಅನ್ನೋ ವೇರಿಯಬಲ್ ಇಟ್ಟು, ಆಯಾ ಆವೃತ್ತಿಗೆ ಬೇಕಾದ ಆಯ್ಕೆಯನ್ನು ಒಂದೇ ಕಡೆ ಬರೆದರು. ಆಗಲೇ ಬಿಲ್ಡ್ ಆಗಿದ್ದ ಪ್ರೋಗ್ರಾಂಗಳಿಗೆ ‘ಲಿಬ್‌ಮ್ಯಾಪ್’ ಕಡತ ಇತ್ತು. ಈ ಲೈಬ್ರರಿ ಕೇಳಿದರೆ ಆ ಲೈಬ್ರರಿ ಕೊಡು ಅಂತ ಅದರಲ್ಲಿ ಬರೆದರೆ ಸಾಕು.

ಈಗ ಲಿನಕ್ಸ್‌ಗೆ ಬರೋಣ. ಇಲ್ಲಿ ಜಿಸಿಸಿಗೆ ‘-ಪಿಥ್ರೆಡ್’ ಕೊಟ್ಟರೆ ಎರಡು ಕೆಲಸ. ಕಂಪೈಲ್ ಹಂತದಲ್ಲಿ ‘ರೀಎಂಟ್ರಂಟ್’ ಮ್ಯಾಕ್ರೋ ಸೇರಿಸುತ್ತೆ, ಲಿಂಕ್ ಹಂತದಲ್ಲಿ ಲೈಬ್ರರಿಯನ್ನು ಸರಿಯಾದ ಜಾಗದಲ್ಲಿ, ಅಂದ್ರೆ ನಿಮ್ಮ ಆಬ್ಜೆಕ್ಟ್ ಕಡತಗಳ ನಂತರ, ಇಡುತ್ತೆ. ‘-ಎಲ್‌ಪಿಥ್ರೆಡ್’ ಅನ್ನು ನೀವೇ ಕಮಾಂಡಿನ ಮೊದಲಲ್ಲಿ ಬರೆದರೆ, ಉಬುಂಟು 11.10ರಿಂದ ಈಚೆಗೆ ಲಿಂಕರ್ ‘ಇದು ಇನ್ನೂ ಯಾರಿಗೂ ಬೇಕಿಲ್ಲ’ ಅಂತ ಅದನ್ನು ಬಿಟ್ಟು ಮುಂದೆ ಹೋಗುತ್ತೆ. ಆಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’. ಹಳೆಯ ಜಿಸಿಸಿಯಲ್ಲಿ ಸಿ++ ಥ್ರೆಡ್ ಬಳಸಿ ಈ ಆಯ್ಕೆ ಮರೆತರೆ ಇನ್ನೂ ಕಷ್ಟ. ಬಿಲ್ಡ್ ಸಲೀಸಾಗಿ ಆಗಿ, ಓಡಿಸಿದಾಗ ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂತ ಬೀಳುತ್ತೆ. ಅದನ್ನು ನೋಡಿದವರು ಸುಡೋ ಹಾಕಿ ನೋಡ್ತಾರೆ. ಪರ್ಮಿಷನ್‌ಗೂ ಇದಕ್ಕೂ ಸಂಬಂಧವೇ ಇಲ್ಲ!

2021ರ ಆಗಸ್ಟ್‌ನಲ್ಲಿ ಬಂದ ಜಿಲಿಬ್‌ಸಿ 2.34 ಪಿಥ್ರೆಡ್ ಲೈಬ್ರರಿಯನ್ನು ಲಿಬ್‌ಸಿ ಒಳಗೇ ಸೇರಿಸಿಬಿಟ್ಟಿತು. ಹಾಗಾಗಿ ಉಬುಂಟು 22.04ರಲ್ಲಿ ಏನೂ ಬರೆಯದೆ ಬಿಲ್ಡ್ ಆಗುತ್ತೆ. ಅಪಾಯ ಇರೋದು ಇಲ್ಲೇ. ಉಬುಂಟು 20.04ರಲ್ಲಿರೋದು 2.31, ಸೆಂಟ್‌ಓಎಸ್ 7ರಲ್ಲಿ 2.17. ನಿಮ್ಮ ಲ್ಯಾಪ್‌ಟಾಪ್ ತಪ್ಪನ್ನು ಮುಚ್ಚಿಡುತ್ತೆ, ಕ್ಲೈಂಟ್‌ನ ಸರ್ವರ್ ಅದನ್ನು ಶುಕ್ರವಾರ ಸಂಜೆ ಹೊರಗೆ ತೆಗೆಯುತ್ತೆ.

ನಮ್ಮ ಅಹಮದಾಬಾದಿನ ಉದಾಹರಣೆಯನ್ನೇ ನೋಡಿ. ಇಲ್ಲಿನ ಭೌತ ಸಂಶೋಧನಾ ಪ್ರಯೋಗಾಲಯ, ಪಿಆರ್‌ಎಲ್, ಅದಮಾರಿನ ಯು. ಆರ್. ರಾವ್ ಅವರು ವಿಕ್ರಂ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಮಾಡಿದ ಜಾಗ. ಅಲ್ಲಿಗೆ 2015ರಲ್ಲಿ 100 ಟೆರಾಫ್ಲಾಪ್‌ನ ‘ವಿಕ್ರಂ-100’ ಕ್ಲಸ್ಟರ್ ಬಂತು. ಗಾಂಧಿನಗರದ ಐಐಟಿಗೆ 2022ರಲ್ಲಿ ‘ಪರಮ್ ಅನಂತ’ ಬಂತು. ಇಂಥ ಯಂತ್ರಗಳಲ್ಲಿ ಓಎಸ್ ಅನ್ನು ಬೇಗಬೇಗ ಬದಲಿಸೋ ರೂಢಿ ಇರಲ್ಲ. ಲ್ಯಾಪ್‌ಟಾಪ್‌ಗಿಂತ ಹಳೆಯ ಜಿಲಿಬ್‌ಸಿ ಇರೋ ಕಡೆ ಕೋಡ್ ತಗೊಂಡು ಹೋಗ್ತೀವಿ ಅಂತಲೇ ಎಣಿಸಿ ಬರೀಬೇಕು. ಓಪನ್‌ಎಂಪಿ ಬಳಸೋರಿಗೆ ಒಂದು ಸಮಾಧಾನ: ಜಿಸಿಸಿಯ ‘-ಎಫ್‌ಓಪನ್‌ಎಂಪಿ’ ತನ್ನ ಜೊತೆ ‘-ಪಿಥ್ರೆಡ್’ ಅನ್ನೂ ತರುತ್ತೆ.

ಹಾಗಾಗಿ ನಾಳೆ ಆಫೀಸಿಗೆ ಹೋದಮೇಲೆ ಮೂರು ಕೆಲಸ ಮಾಡಿ. ಒಂದು, ಮೇಕ್‌ಫೈಲ್‌ಗಳಲ್ಲಿ ‘-ಎಲ್‌ಪಿಥ್ರೆಡ್’ ಹುಡುಕಿ, ‘-ಪಿಥ್ರೆಡ್’ ಮಾಡಿ, ಕಂಪೈಲ್ ಮತ್ತು ಲಿಂಕ್ ಎರಡೂ ಸಾಲಿನಲ್ಲಿ. ಎರಡು, ಸಿಮೇಕ್ ಇದ್ದರೆ ಲೈಬ್ರರಿ ಹೆಸರು ಬರೆಯೋದು ಬಿಟ್ಟು ಅದರ ‘ಥ್ರೆಡ್ಸ್’ ಪ್ಯಾಕೇಜನ್ನು ಕೇಳಿ. ಆಯಾ ಯಂತ್ರಕ್ಕೆ ಬೇಕಾದ್ದನ್ನು ಅದೇ ಹುಡುಕುತ್ತೆ. ಮೂರು, ನೀವು ಬೆಂಬಲಿಸುವ ಅತಿ ಹಳೆಯ ಓಎಸ್‌ನಲ್ಲೂ ಒಂದು ಬಿಲ್ಡ್ ನಡೆಯಲಿ. ಹೊಸದರಲ್ಲಿ ಬಿಲ್ಡ್ ಮಾಡಿದ ಬೈನರಿಯನ್ನು ಹಳೆಯದಕ್ಕೆ ಹಾಗೇ ಒಯ್ದರೆ, ಜಿಲಿಬ್‌ಸಿ 2.34 ಸಿಗಲಿಲ್ಲ ಅಂತ ಅದು ಬಾಗಿಲಲ್ಲೇ ನಿಲ್ಲಿಸುತ್ತೆ.

ಲೈಬ್ರರಿಗಳು ಬರ್ತವೆ, ಹೋಗ್ತವೆ. ನಮಗೆ ಏನು ಬೇಕು ಅಂತ ಬರೆದಿಟ್ಟರೆ ಆ ಸಾಲು ಬಾಳುತ್ತೆ. ಪ್ರಶ್ನೆ ಇದ್ದರೆ ವಿಡಿಯೋ ಕೆಳಗೆ ಬರೀರಿ, ಕನ್ನಡದಲ್ಲೇ ಬರೀರಿ.